ಗಡಿಯಾರ ಮುಂದೆ ತಿರುಗಿಸಿ ಎಂದ ಬಿಲ್ಡರ್: ಡೇಲೈಟ್ ಸೇವಿಂಗ್ ಶುರುವಾಗಿದ್ದು ನಿಜವಾಗಿ ಯಾರಿಂದ?

ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಅನೇಕ ಮನೆಗಳ ಫ್ಯಾಮಿಲಿ ಗ್ರೂಪ್‌ಗೆ ಒಂದು ಮೆಸೇಜ್ ಬರುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡ್‌ನಲ್ಲೋ ಇರುವ ಮಗ ಅಥವಾ ಮಗಳು, ಇನ್ನು ಮೇಲೆ ನಮ್ಮ ಟೈಮ್ ಒಂದು ಗಂಟೆ ಮುಂದೆ ಹೋಗುತ್ತದೆ, ಫೋನ್ ಮಾಡುವಾಗ ನೋಡಿಕೊಳ್ಳಿ ಎಂದು ತಿಳಿಸಿರುತ್ತಾರೆ. ಅದರ ಹಿಂದೆಯೇ ಒಂದಷ್ಟು ಫಾರ್ವರ್ಡ್‌ಗಳೂ ಬರುತ್ತವೆ. ಡೇಲೈಟ್ ಸೇವಿಂಗ್ ಕಂಡುಹಿಡಿದದ್ದು ಬೆಂಜಮಿನ್ ಫ್ರಾಂಕ್ಲಿನ್, ರೈತರ ಅನುಕೂಲಕ್ಕಾಗಿ ಇದನ್ನು ತಂದರು, ಇದರಿಂದ ಭಾರಿ ವಿದ್ಯುತ್ ಉಳಿಯುತ್ತದೆ ಎಂಬ ಮೂರು ಮಾತುಗಳು ಅವುಗಳಲ್ಲಿ ಹೆಚ್ಚಾಗಿ ಇರುತ್ತವೆ.

ಮೊದಲ ಎರಡು ತಪ್ಪು, ಮೂರನೆಯದು ಅನುಮಾನಾಸ್ಪದ. ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವ ಪದ್ಧತಿಯನ್ನು ಕಾನೂನಿನ ಬಾಗಿಲವರೆಗೆ ತಂದವರು ಇಂಗ್ಲೆಂಡಿನ ಒಬ್ಬ ಮನೆ ಕಟ್ಟುವ ಬಿಲ್ಡರ್. ಅವರ ಹೆಸರು ವಿಲಿಯಂ ವಿಲೆಟ್. ತಮ್ಮ ಯೋಜನೆ ಜಾರಿಗೆ ಬಂದದ್ದನ್ನು ನೋಡಲು ಅವರು ಬದುಕಿರಲಿಲ್ಲ. ಜಾರಿಗೆ ಬಂದದ್ದೂ ಅವರು ಮೊದಲು ಹೇಳಿದ ರೀತಿಯಲ್ಲಿ ಅಲ್ಲ. ಆ ವ್ಯತ್ಯಾಸ ಏನು ಎಂದು ತಿಳಿದರೆ, ಇವತ್ತಿಗೂ ಮಾರ್ಚ್‌ನಲ್ಲಿ ಅಲ್ಲಿನ ಜನ ಯಾಕೆ ನಿದ್ದೆಗೆಟ್ಟು ಒದ್ದಾಡುತ್ತಾರೆ ಎಂಬುದೂ ಅರ್ಥವಾಗುತ್ತದೆ.

ಬೆಳಕಿರುವ ಮನೆ ಕಟ್ಟುತ್ತಿದ್ದವರು

ವಿಲಿಯಂ ವಿಲೆಟ್ ಹುಟ್ಟಿದ್ದು 1856ರ ಆಗಸ್ಟ್ 10ರಂದು, ಇಂಗ್ಲೆಂಡಿನ ಸರ್ರಿ ಪ್ರಾಂತ್ಯದ ಫಾರ್ನಮ್ ಎಂಬ ಊರಿನಲ್ಲಿ. ತಂದೆಯ ಹೆಸರೂ ವಿಲಿಯಂ ವಿಲೆಟ್ ಎಂದೇ, ಕೆಲಸ ಮನೆ ಕಟ್ಟುವುದು. ಓದು ಮುಗಿಸಿದ ಮೇಲೆ ಮಗನೂ ತಂದೆಯ ವ್ಯಾಪಾರಕ್ಕೇ ಸೇರಿದರು. ಲಂಡನ್ನಿನ ಚೆಲ್ಸೀ, ಕೆನ್ಸಿಂಗ್ಟನ್ ಭಾಗಗಳಲ್ಲಿ ಮತ್ತು ಸಮುದ್ರ ದಡದ ಹೋವ್ ಊರಿನಲ್ಲಿ ಇವರು ಕಟ್ಟಿದ ಮನೆಗಳು ಇಂದಿಗೂ ನಿಂತಿವೆ. ವಿಲೆಟ್ ಕಟ್ಟಿದ ಮನೆ ಎಂದರೆ ಒಳ್ಳೆಯ ಕೆಲಸ ಎಂಬ ಹೆಸರು ಆಗ ಇತ್ತು.

ಅವರು ವಾಸವಿದ್ದದ್ದು ಲಂಡನ್ನಿನ ಆಗ್ನೇಯ ಅಂಚಿಗಿರುವ ಚಿಸಲ್‌ಹರ್ಸ್ಟ್ ಎಂಬಲ್ಲಿ. ಪಕ್ಕದಲ್ಲೇ ಪೆಟ್ಸ್ ವುಡ್ ಎಂಬ ಕಾಡು. ಬೆಳಿಗ್ಗೆ ಬೇಗ ಎದ್ದು ಆ ಕಡೆ ಕುದುರೆ ಸವಾರಿ ಹೋಗುವುದು ಅವರ ರೂಢಿ. ಸಂಜೆ ಗಾಲ್ಫ್ ಆಡುವುದು ಇನ್ನೊಂದು ಹವ್ಯಾಸ. ಕತ್ತಲಾಯಿತೆಂದು ಆಟವನ್ನು ಅರ್ಧಕ್ಕೆ ನಿಲ್ಲಿಸಬೇಕಾದಾಗ ಅವರಿಗೆ ಬೇಸರವಾಗುತ್ತಿತ್ತು.

1905ರ ಬೇಸಿಗೆಯ ಒಂದು ಬೆಳಿಗ್ಗೆ ಸವಾರಿ ಹೊರಟಾಗ ಅವರು ಒಂದು ವಿಷಯ ಗಮನಿಸಿದರು ಎಂದು ಹೇಳಲಾಗುತ್ತದೆ. ಸೂರ್ಯ ಹುಟ್ಟಿ ಬಹಳ ಹೊತ್ತಾಗಿತ್ತು, ಆದರೆ ಹೆಚ್ಚಿನ ಮನೆಗಳ ಕಿಟಕಿ ಪರದೆಗಳು ಇನ್ನೂ ಮುಚ್ಚಿಕೊಂಡೇ ಇದ್ದವು. ಇಷ್ಟೊಂದು ಬೆಳಕು ಯಾರಿಗೂ ಸಿಗದೆ ಹೋಗುತ್ತಿದೆ, ಇದೇ ಜನ ಸಂಜೆ ದೀಪ ಹಚ್ಚಿಕೊಂಡು ಕೂರುತ್ತಾರೆ ಎಂಬುದು ಅವರ ಮನಸ್ಸಿಗೆ ಬಂದ ಯೋಚನೆ.

ಬೆಳಗಿನ 4 ಗಂಟೆಗೆ ಮೊದಲೇ ಸೂರ್ಯ!

ಕರ್ನಾಟಕದಲ್ಲಿ ಕೂತು ಓದುವ ನಮಗೆ ಇದು ವಿಚಿತ್ರ ಅನಿಸಬಹುದು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದೇ ಇದಕ್ಕೆ ಕಾರಣ.

ಲಂಡನ್ ಬಹಳ ಉತ್ತರದಲ್ಲಿದೆ. ಅಲ್ಲಿ ಡಿಸೆಂಬರ್‌ನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ. ಜೂನ್‌ನಲ್ಲಿ ಮಾತ್ರ ಹದಿನಾರೂವರೆ ಗಂಟೆಗಿಂತ ಹೆಚ್ಚು ಬೆಳಕು. ವಿಲೆಟ್ ಕಾಲದಲ್ಲಿ ಗಡಿಯಾರ ವರ್ಷವಿಡೀ ಗ್ರೀನ್‌ವಿಚ್ ಸಮಯದಲ್ಲೇ ಇರುತ್ತಿತ್ತು. ಆ ಲೆಕ್ಕದಲ್ಲಿ ಜೂನ್ ತಿಂಗಳ ಸೂರ್ಯೋದಯ ಬೆಳಗಿನ ಜಾವ 3 ಗಂಟೆ 45 ನಿಮಿಷದ ಆಸುಪಾಸು! ಜನ ಏಳುವ ಹೊತ್ತಿಗೆ ಮೂರು ಗಂಟೆಯ ಬೆಳಕು ಆಗಲೇ ಕಳೆದು ಹೋಗಿರುತ್ತಿತ್ತು. ಸಂಜೆ 8 ಗಂಟೆ 20 ನಿಮಿಷದ ಸುಮಾರಿಗೆ ಸೂರ್ಯ ಮುಳುಗುತ್ತಿದ್ದ.

ಬೇಗ ಏಳಿ ಎಂದು ಜನರಿಗೆ ಹೇಳಿದರೆ ಯಾರೂ ಏಳುವುದಿಲ್ಲ ಎಂದು ವಿಲೆಟ್‌ಗೆ ಗೊತ್ತಿತ್ತು. ಶಾಲೆ, ಆಫೀಸು, ರೈಲು, ಅಂಗಡಿ ಎಲ್ಲವೂ ನಡೆಯುವುದು ಗಡಿಯಾರದ ಮೇಲೆ. ಹಾಗಾಗಿ ಗಡಿಯಾರವನ್ನೇ ಮುಂದೆ ತಿರುಗಿಸಿಬಿಟ್ಟರೆ ಇಡೀ ದೇಶ ತನಗೆ ಗೊತ್ತಿಲ್ಲದಂತೆ ಬೇಗ ಏಳುತ್ತದೆ ಎಂಬುದು ಅವರ ಉಪಾಯ.

ವಾರಕ್ಕೆ 20 ನಿಮಿಷ, ನಾಲ್ಕು ವಾರ

1907ರಲ್ಲಿ ವಿಲೆಟ್ ತಮ್ಮದೇ ಖರ್ಚಿನಲ್ಲಿ ಒಂದು ಚಿಕ್ಕ ಪುಸ್ತಿಕೆ ಅಚ್ಚು ಹಾಕಿಸಿದರು. ಹಗಲು ಬೆಳಕು ವ್ಯರ್ಥವಾಗುತ್ತಿರುವುದರ ಬಗ್ಗೆ ಅದರಲ್ಲಿ ಬರೆದಿದ್ದರು. ಯೋಜನೆ ಹೀಗಿತ್ತು: ಏಪ್ರಿಲ್ ತಿಂಗಳ ನಾಲ್ಕು ಭಾನುವಾರಗಳಲ್ಲಿ, ಪ್ರತಿ ಸಲ 20 ನಿಮಿಷದಂತೆ ಗಡಿಯಾರ ಮುಂದೆ ಹೋಗಬೇಕು. ಒಟ್ಟು 80 ನಿಮಿಷ. ಸೆಪ್ಟೆಂಬರ್‌ನ ನಾಲ್ಕು ಭಾನುವಾರಗಳಲ್ಲಿ ಅದೇ ರೀತಿ 20 ನಿಮಿಷದಂತೆ ಹಿಂದೆ ಬರಬೇಕು. ಒಂದು ಭಾನುವಾರ 20 ನಿಮಿಷ ಕಡಿಮೆಯಾದರೆ ಯಾರಿಗೂ ಅಷ್ಟಾಗಿ ಗೊತ್ತಾಗುವುದಿಲ್ಲ ಎಂಬ ಯೋಚನೆ ಇದರಲ್ಲಿತ್ತು.

ದೀಪದ ಖರ್ಚಿನಲ್ಲಿ ವರ್ಷಕ್ಕೆ 25 ಲಕ್ಷ ಪೌಂಡ್ ಉಳಿಯುತ್ತದೆ ಎಂದು ಅವರು ಲೆಕ್ಕ ಕೊಟ್ಟರು. ಆದರೆ ಅವರ ಆಸೆ ಹಣ ಉಳಿಸುವುದಷ್ಟೇ ಆಗಿರಲಿಲ್ಲ. ದಿನವಿಡೀ ಕೆಲಸ ಮಾಡುವವರಿಗೆ ಸಂಜೆ ಮನೆಗೆ ಬಂದ ಮೇಲೂ ಸ್ವಲ್ಪ ಬಿಸಿಲು ಸಿಗಬೇಕು, ಹೊರಗೆ ಓಡಾಡಬೇಕು, ಆಟ ಆಡಬೇಕು, ಆರೋಗ್ಯ ಸುಧಾರಿಸಬೇಕು ಎಂಬುದು ಮುಖ್ಯ ವಾದ.

ಈ ಯೋಜನೆಗಿದ್ದ ಪ್ರಾಯೋಗಿಕ ತೊಂದರೆ ಗಡಿಯಾರಗಳದ್ದೇ. ಲೆಕ್ಕ ಹಾಕಿ ನೋಡಿ. ಏಪ್ರಿಲ್‌ನಲ್ಲಿ ನಾಲ್ಕು ಸಲ, ಸೆಪ್ಟೆಂಬರ್‌ನಲ್ಲಿ ನಾಲ್ಕು ಸಲ, ಅಂದರೆ ಒಂದೊಂದು ಗಡಿಯಾರವನ್ನೂ ವರ್ಷಕ್ಕೆ ಎಂಟು ಬಾರಿ ತಿರುಗಿಸಬೇಕು. ಮನೆಯಲ್ಲಿ ಮೂರು ಗಡಿಯಾರ ಇದ್ದರೆ 24 ಬಾರಿ. ಆಗ ಎಲ್ಲವೂ ಕೀಲಿ ಕೊಡುವ ಗಡಿಯಾರಗಳು, ತಾನಾಗಿ ಬದಲಾಗುವುದು ಯಾವುದೂ ಇರಲಿಲ್ಲ. ರೈಲು ವೇಳಾಪಟ್ಟಿಯ ಕಥೆ ಕೇಳುವುದೇ ಬೇಡ.

ಸಂಸತ್ತಿನಲ್ಲಿ ಸೋಲಿನ ಮೇಲೆ ಸೋಲು

1908ರ ಫೆಬ್ರವರಿಯಲ್ಲಿ ರಾಬರ್ಟ್ ಪಿಯರ್ಸ್ ಎಂಬ ಸಂಸದರು ಈ ಯೋಜನೆಯನ್ನು ಮಸೂದೆಯಾಗಿ ಬ್ರಿಟಿಷ್ ಸಂಸತ್ತಿನಲ್ಲಿ ಮಂಡಿಸಿದರು. ಪರಿಶೀಲನೆಗೆ ಸಮಿತಿಯೂ ಕೂತಿತು. ವಿನ್‌ಸ್ಟನ್ ಚರ್ಚಿಲ್ ಅವರಂಥ ರಾಜಕಾರಣಿಗಳು ಬೆಂಬಲಿಸಿದರು. ಹಲವು ನಗರಸಭೆಗಳು, ವ್ಯಾಪಾರಿಗಳ ಸಂಘಗಳು ಸಹ ಪರವಾಗಿ ನಿಂತವು. ಎಂಟು ಬಾರಿ ತಿರುಗಿಸುವ ಗೊಂದಲ ಬೇಡವೆಂದು, ಮುಂದೆ ಯೋಜನೆಯನ್ನು ಒಂದೇ ಸಲಕ್ಕೆ ಒಂದು ಗಂಟೆ ಎಂದು ಸರಳಗೊಳಿಸಲಾಯಿತು. ವಸಂತದಲ್ಲಿ ಒಮ್ಮೆ ಮುಂದೆ, ಶರತ್ಕಾಲದಲ್ಲಿ ಒಮ್ಮೆ ಹಿಂದೆ. ಇಂದಿಗೂ ನಡೆಯುತ್ತಿರುವುದು ಇದೇ.

ವಿರೋಧವೂ ಜೋರಾಗಿತ್ತು. ಮುಂಚೂಣಿಯಲ್ಲಿದ್ದವರು ರೈತರು. ಹೊಲದ ಕೆಲಸ ನಡೆಯುವುದು ಸೂರ್ಯನ ಮೇಲೆ, ಗಡಿಯಾರದ ಮೇಲಲ್ಲ. ಬೆಳಿಗ್ಗೆ ಇಬ್ಬನಿ ಆರುವವರೆಗೆ ಹುಲ್ಲು, ಪೈರು ಒಣಗುವುದಿಲ್ಲ, ಕೆಲಸ ಶುರು ಮಾಡಲಾಗದು. ಆದರೆ ಆಳುಗಳು ಸಂಜೆ ಮನೆಗೆ ಹೋಗುವುದು ಗಡಿಯಾರ ನೋಡಿ. ಅಂದರೆ ಒಂದು ಗಂಟೆಯ ಒಳ್ಳೆಯ ಕೆಲಸದ ಹೊತ್ತು ರೈತರಿಗೇ ನಷ್ಟ. ಹಸುವಿಗೂ ಗಡಿಯಾರ ಗೊತ್ತಿಲ್ಲ, ಅದು ಹಾಲು ಕೊಡುವ ಹೊತ್ತು ಬದಲಾಗುವುದಿಲ್ಲ. ಹಾಗಾಗಿ ರೈತರಿಗಾಗಿ ಇದನ್ನು ತಂದರು ಎಂಬ ಫಾರ್ವರ್ಡ್ ಪೂರ್ತಿ ತಲೆಕೆಳಗು. ಅಮೆರಿಕದಲ್ಲೂ 1918ರಲ್ಲಿ ಬಂದ ಈ ಪದ್ಧತಿಯನ್ನು ಮರುವರ್ಷವೇ ರದ್ದು ಮಾಡಿಸುವಲ್ಲಿ ರೈತರ ಒತ್ತಡ ದೊಡ್ಡದಾಗಿತ್ತು.

ಮಸೂದೆ ಮತ್ತೆ ಮತ್ತೆ ಸಂಸತ್ತಿಗೆ ಬಂತು, ಮತ್ತೆ ಮತ್ತೆ ಬಿದ್ದು ಹೋಯಿತು. ಪತ್ರಿಕೆಗಳು, ಪಂಡಿತರು ಗೇಲಿ ಮಾಡಿದರು. ವಿಲೆಟ್ ಮಾತ್ರ ಬಿಡಲಿಲ್ಲ. ತಮ್ಮ ಪುಸ್ತಿಕೆಯನ್ನು ಮತ್ತೆ ಮತ್ತೆ ಅಚ್ಚು ಹಾಕಿಸಿ ಹಂಚಿದರು. ವ್ಯಾಪಾರ ನೋಡಿಕೊಳ್ಳುತ್ತಲೇ ಎಂಟು ವರ್ಷ ಈ ಒಂದೇ ವಿಷಯದ ಹಿಂದೆ ಬಿದ್ದರು. 1915ರ ಮಾರ್ಚ್ 4ರಂದು ಇನ್‌ಫ್ಲುಯೆಂಜಾ ಜ್ವರದಿಂದ ತೀರಿಕೊಂಡರು. ಆಗ ಅವರ ವಯಸ್ಸು 58. ಕಾನೂನು ಆಗಿರಲಿಲ್ಲ.

ಶತ್ರು ದೇಶ ಮೊದಲು ಮಾಡಿತು

ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಕಲ್ಲಿದ್ದಲಿಗೆ ಎಲ್ಲೆಡೆ ಕೊರತೆ. ವಿಲೆಟ್ ತೀರಿಕೊಂಡ ಸುಮಾರು 14 ತಿಂಗಳಿಗೆ, 1916ರ ಏಪ್ರಿಲ್ 30ರ ರಾತ್ರಿ, ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದೆ ಹಾಕಿದವು. ದೀಪಕ್ಕೆ ಉರಿಯುವ ಇಂಧನ ಉಳಿಸಿ ಯುದ್ಧಕ್ಕೆ ಬಳಸುವುದು ಉದ್ದೇಶ. ಇಂಗ್ಲೆಂಡಿನವನ ಯೋಜನೆಯನ್ನು ಇಂಗ್ಲೆಂಡಿನ ಶತ್ರುಗಳು ಮೊದಲು ಜಾರಿ ಮಾಡಿದರು.

ಬ್ರಿಟನ್ ಎಚ್ಚೆತ್ತುಕೊಂಡಿತು. ವರ್ಷಗಟ್ಟಲೆ ಬಿದ್ದು ಹೋಗಿದ್ದ ಕಾನೂನು 1916ರ ಮೇ 17ರಂದು ಪಾಸಾಯಿತು. ಮೇ 21ರ ಭಾನುವಾರ ಬೆಳಗಿನ ಜಾವ 2 ಗಂಟೆಗೆ ದೇಶದ ಗಡಿಯಾರಗಳು 3 ಗಂಟೆಗೆ ಹೋದವು. ಅದೇ ಅಕ್ಟೋಬರ್ 1ರಂದು ಮತ್ತೆ ಹಿಂದೆ ಬಂದವು. 1925ರಲ್ಲಿ ಇನ್ನೊಂದು ಕಾನೂನು ಮಾಡಿ ಈ ಪದ್ಧತಿಯನ್ನು ಕಾಯಂ ಮಾಡಲಾಯಿತು.

ಭಾರತದಲ್ಲೂ ಒಮ್ಮೆ ಹೀಗಾಗಿದೆ. ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ನಮ್ಮ ಗಡಿಯಾರಗಳು ಒಂದು ಗಂಟೆ ಮುಂದೆ ಇದ್ದವು. ಆಮೇಲೆ ಹಳೆಯ ಸಮಯಕ್ಕೇ ಮರಳಿದೆವು. ನಮ್ಮಲ್ಲಿ ಹಗಲಿನ ಉದ್ದ ಹೆಚ್ಚು ಬದಲಾಗದ ಕಾರಣ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸಿ ಸಿಗುವ ಲಾಭ ಕಡಿಮೆ.

ಹಾಗಾದರೆ ಫ್ರಾಂಕ್ಲಿನ್ ಕಥೆ ಏನು?

ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಅಲ್ಲಿನ ಪತ್ರಿಕೆಗೆ ಒಂದು ತಮಾಷೆಯ ಪತ್ರ ಬರೆದದ್ದು ನಿಜ. ಬೆಳಿಗ್ಗೆ ತಡವಾಗಿ ಏಳುವ ಪ್ಯಾರಿಸ್ ಜನರನ್ನು ಗೇಲಿ ಮಾಡುತ್ತಾ, ಕಿಟಕಿ ಬಾಗಿಲು ಮುಚ್ಚಿಕೊಳ್ಳುವವರಿಗೆ ತೆರಿಗೆ ಹಾಕಬೇಕು, ಮೇಣದ ಬತ್ತಿಯನ್ನು ಅಳೆದು ಕೊಡಬೇಕು, ಸೂರ್ಯ ಹುಟ್ಟುತ್ತಲೇ ಬೀದಿಯಲ್ಲಿ ಫಿರಂಗಿ ಹಾರಿಸಬೇಕು ಎಂದು ಬರೆದಿದ್ದರು. ಗಡಿಯಾರ ತಿರುಗಿಸುವ ಮಾತು ಅದರಲ್ಲಿ ಇಲ್ಲವೇ ಇಲ್ಲ.

ವಿಲೆಟ್‌ಗಿಂತ ಮೊದಲು ಗಡಿಯಾರ ಬದಲಿಸುವ ಮಾತಾಡಿದವರು ನ್ಯೂಜಿಲೆಂಡ್‌ನ ಜಾರ್ಜ್ ಹಡ್ಸನ್. ಅಂಚೆ ಕಚೇರಿಯ ಕೆಲಸ, ಹುಳಹುಪ್ಪಟೆ ಸಂಗ್ರಹಿಸುವ ಹವ್ಯಾಸ. ಸಂಜೆ ಬೆಳಕು ಹೆಚ್ಚು ಸಿಕ್ಕರೆ ಒಳ್ಳೆಯದೆಂದು 1895ರಲ್ಲಿ ವೆಲ್ಲಿಂಗ್ಟನ್‌ನ ಒಂದು ವಿಜ್ಞಾನ ಸಂಘದ ಮುಂದೆ ಎರಡು ಗಂಟೆ ಬದಲಾವಣೆಯ ಪ್ರಸ್ತಾಪ ಇಟ್ಟಿದ್ದರು. ಅದು ಅಲ್ಲಿಗೇ ನಿಂತಿತು. ಕೆನಡಾದ ಪೋರ್ಟ್ ಆರ್ಥರ್ ಎಂಬ ಪಟ್ಟಣ 1908ರ ಜುಲೈ 1ರಂದು ಗಡಿಯಾರ ಮುಂದೆ ಹಾಕಿತ್ತು. ಇಡೀ ದೇಶಗಳು ಅನುಸರಿಸಿದ್ದು ಮಾತ್ರ 1916ರಲ್ಲಿ.

ವಿದ್ಯುತ್ ಉಳಿಯುತ್ತದೆಯೇ?

ವಿಲೆಟ್ ಕಾಲದಲ್ಲಿ ಮನೆಯ ಇಂಧನದಲ್ಲಿ ದೀಪದ ಪಾಲು ದೊಡ್ಡದು. ಈಗ ಎಲ್‌ಇಡಿ ಬಲ್ಬು ಬಂದಿವೆ, ಎಸಿ ಮತ್ತು ಹೀಟರ್‌ಗಳೇ ಹೆಚ್ಚು ವಿದ್ಯುತ್ ಎಳೆಯುತ್ತವೆ. ಅಮೆರಿಕ 2007ರಿಂದ ಡೇಲೈಟ್ ಸೇವಿಂಗ್ ಅವಧಿಯನ್ನು ಸುಮಾರು ನಾಲ್ಕು ವಾರ ಹೆಚ್ಚಿಸಿತು. ಆ ಹೆಚ್ಚುವರಿ ದಿನಗಳಲ್ಲಿ ದಿನಕ್ಕೆ ಶೇ. 0.5ರಷ್ಟು ವಿದ್ಯುತ್ ಉಳಿಯಿತು ಎಂದು ಅಲ್ಲಿನ ಇಂಧನ ಇಲಾಖೆ ವರದಿ ಕೊಟ್ಟಿತು. ಇಂಡಿಯಾನ ರಾಜ್ಯದ ಮನೆಗಳ ಬಿಲ್ ನೋಡಿದ ಇನ್ನೊಂದು ಅಧ್ಯಯನದಲ್ಲಿ ವಿದ್ಯುತ್ ಬಳಕೆ ಸುಮಾರು ಶೇ. 1ರಷ್ಟು ಹೆಚ್ಚೇ ಆಗಿತ್ತು. ಭಾರಿ ಉಳಿತಾಯ ಎಂಬ ಮಾತಿಗೆ ಆಧಾರವಿಲ್ಲ.

ಗಡಿಯಾರ ತಿರುಗಿಸುವುದು ಹೇಗೆ? ಅಂದು ಮತ್ತು ಇಂದು

1916ರಲ್ಲಿ ಜನರಿಗೆ ಎದುರಾದ ದೊಡ್ಡ ಪ್ರಶ್ನೆ ಗಂಟೆ ಹೊಡೆಯುವ ಗೋಡೆ ಗಡಿಯಾರಗಳದ್ದು. ಮುಂದೆ ತಿರುಗಿಸುವುದು ಸುಲಭ. ಹಿಂದೆ ತಿರುಗಿಸಿದರೆ ಒಳಗಿನ ಗಂಟೆ ಹೊಡೆಯುವ ಭಾಗ ಕೆಡಬಹುದು, ಅಥವಾ ಮುಳ್ಳು ತೋರಿಸುವುದು ಒಂದು, ಹೊಡೆಯುವುದು ಇನ್ನೊಂದು ಆಗಬಹುದು. ಅದಕ್ಕೆ ಬ್ರಿಟಿಷ್ ಸರ್ಕಾರ ಎರಡು ದಾರಿ ಸೂಚಿಸಿತು: ಪೆಂಡುಲಂ ಅನ್ನು ಒಂದು ಗಂಟೆ ನಿಲ್ಲಿಸಿ ಮತ್ತೆ ಶುರು ಮಾಡಿ, ಇಲ್ಲವೇ ಪ್ರತಿ ಗಂಟೆ ಪೂರ್ತಿ ಹೊಡೆಯಲು ಬಿಡುತ್ತಾ 11 ಗಂಟೆ ಮುಂದೆ ತಿರುಗಿಸಿ. ಗಡಿಯಾರದ ಮುಖದಲ್ಲಿ 12 ಗಂಟೆ ಇರುವುದರಿಂದ 11 ಮುಂದೆ ಹೋದರೆ 1 ಹಿಂದೆ ಬಂದಂತೆಯೇ ಲೆಕ್ಕ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಗಂಟೆ ಹೊಡೆಯುವ ಗಡಿಯಾರ ಇದ್ದರೆ, ಸಮಯ ಸರಿ ಮಾಡುವಾಗ ಇದನ್ನು ನೆನಪಿಡಿ. ಮುಳ್ಳನ್ನು ಬಲವಂತವಾಗಿ ಹಿಂದೆ ತಳ್ಳಬೇಡಿ.

ಈಗ ವಿದೇಶದಲ್ಲಿರುವ ಮನೆಗಳಲ್ಲಿ ಏನು ಮಾಡಬೇಕು?

- ಮೊಬೈಲ್, ಕಂಪ್ಯೂಟರ್, ಟ್ಯಾಬ್, ಸ್ಮಾರ್ಟ್ ವಾಚ್: ಏನೂ ಮಾಡಬೇಕಿಲ್ಲ. ಯಾವ ದೇಶದಲ್ಲಿ ಯಾವ ದಿನ ಸಮಯ ಬದಲಾಗುತ್ತದೆ ಎಂಬ ಪಟ್ಟಿ ಸಾಫ್ಟ್‌ವೇರ್ ಒಳಗೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಮಯ ಆಟೋಮ್ಯಾಟಿಕ್ ಎಂದಿರಲಿ, ಅಪ್‌ಡೇಟ್ ಆಗಿರಲಿ. ಅದು ಆನ್ ಇದ್ದಾಗ ಕೈಯಿಂದಲೂ ಬದಲಿಸಲು ಹೋಗಬೇಡಿ, ಎರಡು ಗಂಟೆ ಹೆಚ್ಚುಕಮ್ಮಿ ಆದೀತು.
- ರೇಡಿಯೋ ಗಡಿಯಾರ: ಬ್ರಿಟನ್, ಜರ್ಮನಿ, ಅಮೆರಿಕದಲ್ಲಿ ಸಮಯ ತಿಳಿಸುವ ರೇಡಿಯೋ ಕೇಂದ್ರಗಳಿವೆ. ಅವುಗಳ ಸಂಕೇತ ಹಿಡಿಯುವ ಗಡಿಯಾರ ಆ ರಾತ್ರಿಯೋ ಒಂದೆರಡು ದಿನದಲ್ಲೋ ತಾನೇ ಸರಿಹೋಗುತ್ತದೆ.
- ಮೈಕ್ರೋವೇವ್, ಓವನ್, ಸಾಮಾನ್ಯ ಗೋಡೆ ಗಡಿಯಾರ, ಕೈಗಡಿಯಾರ, ಹಳೆಯ ಕಾರು, ಹೀಟರ್‌ನ ಟೈಮರ್: ಇವನ್ನು ಹೆಚ್ಚಾಗಿ ಕೈಯಿಂದಲೇ ಬದಲಿಸಬೇಕು. ಶನಿವಾರ ರಾತ್ರಿ ಮಲಗುವ ಮುಂಚೆ ಬದಲಿಸಿದರೆ ಭಾನುವಾರ ಗೊಂದಲ ಇಲ್ಲ.

ಅಮೆರಿಕದಲ್ಲಿ ಬಹುತೇಕ ರಾಜ್ಯಗಳಲ್ಲಿ ಮಾರ್ಚ್ ಎರಡನೇ ಭಾನುವಾರ ಸಮಯ ಮುಂದೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಬ್ರಿಟನ್ ಮತ್ತು ಯುರೋಪ್‌ನ ಹೆಚ್ಚಿನ ದೇಶಗಳಲ್ಲಿ ಮಾರ್ಚ್ ಕೊನೆಯ ಭಾನುವಾರ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಭಾರತ ಬದಲಾಗದ ಕಾರಣ ವ್ಯತ್ಯಾಸ ಬದಲಾಗುತ್ತದೆ. ಲಂಡನ್‌ಗೂ ನಮಗೂ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ. ನ್ಯೂಯಾರ್ಕ್‌ಗೆ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ. ಲಂಡನ್‌ನಿಂದ ಮಗಳು ಅವಳ ಮಧ್ಯಾಹ್ನ ಮೂರೂವರೆಗೆ ಫೋನ್ ಮಾಡುತ್ತಿದ್ದರೆ, ಚಳಿಗಾಲದಲ್ಲಿ ನಿಮಗೆ ರಾತ್ರಿ 9ಕ್ಕೆ ಬರುತ್ತಿದ್ದ ಕರೆ ಬೇಸಿಗೆಯಲ್ಲಿ 8ಕ್ಕೇ ಬರುತ್ತದೆ.

ಗಡಿಯಾರ ಸರಿಹೋಯಿತು, ದೇಹ?

ಮೊಬೈಲ್ ಕ್ಷಣದಲ್ಲಿ ಬದಲಾಗುತ್ತದೆ. ದೇಹ ಹಾಗಲ್ಲ. ನಿದ್ದೆ, ಹಸಿವು, ಎಚ್ಚರ ಎಲ್ಲವನ್ನೂ ನಡೆಸುವ ಒಳಗಿನ ಗಡಿಯಾರ ಬೆಳಕನ್ನು ನೋಡಿ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಒಂದೇ ರಾತ್ರಿ ಒಂದು ಗಂಟೆ ಕಿತ್ತುಕೊಂಡರೆ ಕೆಲವು ದಿನ ನಿದ್ದೆ ಏರುಪೇರಾಗುತ್ತದೆ. ಸ್ವೀಡನ್‌ನ ಅಂಕಿಅಂಶ ನೋಡಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಸಂತದ ಬದಲಾವಣೆಯ ನಂತರದ ವಾರ ಹೃದಯಾಘಾತಗಳು ಸುಮಾರು ಶೇ. 5ರಷ್ಟು ಹೆಚ್ಚಾಗಿ ಕಂಡುಬಂದವು. ಎಲ್ಲರೂ ಹೆದರಬೇಕು ಎಂದು ಇದರ ಅರ್ಥವಲ್ಲ, ಒಬ್ಬೊಬ್ಬರಿಗೆ ಇರುವ ಅಪಾಯ ಬಹಳ ಚಿಕ್ಕದು.

ಇದಕ್ಕೆ ನಿದ್ರಾ ತಜ್ಞರು ಕೊಡುವ ಸಲಹೆ ಏನು ಗೊತ್ತೇ? ಬದಲಾವಣೆಗೆ ಕೆಲವು ದಿನ ಮೊದಲಿನಿಂದಲೇ 15-20 ನಿಮಿಷದಂತೆ ಸ್ವಲ್ಪ ಸ್ವಲ್ಪ ಬೇಗ ಮಲಗಿ, ಬೇಗ ಏಳಿ. ಬೆಳಿಗ್ಗೆ ಎದ್ದು ಬಿಸಿಲಿಗೆ ಬನ್ನಿ. 1907ರಲ್ಲಿ ವಿಲೆಟ್ ಬರೆದದ್ದು ಹೆಚ್ಚುಕಡಿಮೆ ಇದೇ ಲೆಕ್ಕ. ಗಡಿಯಾರಗಳಿಗೆ ಕಷ್ಟ ಎಂದು ಆ 20 ನಿಮಿಷದ ಕ್ರಮವನ್ನು ಕೈಬಿಡಲಾಯಿತು. ಇಂದು ಹೆಚ್ಚಿನ ಗಡಿಯಾರಗಳಿಗೆ ಆ ಕಷ್ಟವಿಲ್ಲ, ಒಂದು ಗಂಟೆಯ ಜಿಗಿತ ಮಾತ್ರ ಹಾಗೇ ಉಳಿದಿದೆ.

ಪೆಟ್ಸ್ ವುಡ್ ಕಾಡಿನಲ್ಲಿ 1927ರಲ್ಲಿ ವಿಲೆಟ್ ನೆನಪಿಗಾಗಿ ಕಲ್ಲಿನ ನೆರಳು ಗಡಿಯಾರ ನಿಲ್ಲಿಸಲಾಯಿತು. ಅದನ್ನು ಬೇಸಿಗೆ ಸಮಯಕ್ಕೆ ಹೊಂದಿಸಿ ಕೆತ್ತಲಾಗಿದೆ. ಚಳಿಗಾಲದಲ್ಲಿ ಅದು ಒಂದು ಗಂಟೆ ಮುಂದೆ ತೋರಿಸುತ್ತದೆ. ವರ್ಷಕ್ಕೆ ಎರಡು ಸಲ ಇಡೀ ಇಂಗ್ಲೆಂಡ್ ಗಡಿಯಾರ ತಿರುಗಿಸುವಾಗ ಅದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

- ಡೇಲೈಟ್ ಸೇವಿಂಗ್ ಫ್ರಾಂಕ್ಲಿನ್ ಕಂಡುಹಿಡಿದದ್ದಲ್ಲ. ಮೊದಲು ಪ್ರಸ್ತಾಪಿಸಿದವರು ಜಾರ್ಜ್ ಹಡ್ಸನ್, ಕಾನೂನಿಗಾಗಿ ಹೋರಾಡಿದವರು ವಿಲಿಯಂ ವಿಲೆಟ್.
- ರೈತರಿಗಾಗಿ ತಂದದ್ದಲ್ಲ. ರೈತರು ಇದನ್ನು ವಿರೋಧಿಸಿದ್ದರು.
- ಭಾರಿ ವಿದ್ಯುತ್ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.
- ಭಾರತದಲ್ಲಿ ಈಗ ಡೇಲೈಟ್ ಸೇವಿಂಗ್ ಇಲ್ಲ. ನಿಮ್ಮ ಗಡಿಯಾರ ಬದಲಿಸಬೇಡಿ, ವಿದೇಶಕ್ಕೆ ಫೋನ್ ಮಾಡುವ ಸಮಯ ಮಾತ್ರ ನೋಡಿಕೊಳ್ಳಿ.